ಬಣ್ಣ ಎರಚಿದ ಚಿತ್ರ: ಕಲೆಯಾ, ಕಿತಾಪತಿಯಾ? ನೀವೇ ನೋಡಿ ತೀರ್ಮಾನಿಸುವ ದಾರಿ

"ಇದನ್ನ ನಮ್ಮನೆ ಮಗುನೂ ಮಾಡುತ್ತೆ ಬಿಡಿ." ಬಟ್ಟೆಯ ಮೇಲೆ ಬಣ್ಣ ಸುರಿದು ಚಿತ್ರ ಮಾಡಿದ ಅಮೆರಿಕದ ಕಲಾವಿದ ಜಾಕ್ಸನ್ ಪೊಲಾಕ್‌ನ ಯಾವ ಚಿತ್ರ ತೋರಿಸಿದರೂ ಮೊದಲು ಕೇಳಿಬರುವ ಮಾತು ಇದೇ. ಮಾತು ನಿಜವಾ ಸುಳ್ಳಾ ಅಂತ ಯಾರೂ ಪರೀಕ್ಷೆ ಮಾಡಲು ಹೋಗುವುದಿಲ್ಲ. ಹೊಗಳುವವರೂ ಅಷ್ಟೇ, ಶಕ್ತಿ, ಚೈತನ್ಯ, ಒಳಮನಸ್ಸು ಅಂತ ದೊಡ್ಡ ದೊಡ್ಡ ಪದ ಹಾಕಿ ಮುಂದಿನ ಗೋಡೆಗೆ ಹೋಗಿಬಿಡುತ್ತಾರೆ. ಆದರೆ ಇದು ಪರೀಕ್ಷೆ ಮಾಡಬಹುದಾದ ವಿಷಯ. ಅದಕ್ಕೆ ಕಲೆಯ ಇತಿಹಾಸ ಓದಿರಬೇಕಾಗಿಲ್ಲ. ಕಣ್ಣು, ಒಂದಿಷ್ಟು ತಾಳ್ಮೆ, ಕೊನೆಗೆ ಒಂದು ಹಳೇ ಬೆಡ್‌ಶೀಟ್ ಇದ್ದರೆ ಸಾಕು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನೀವು ಒಪ್ಪಬಹುದು, ಜಗಳಕ್ಕೂ ಬರಬಹುದು. ಬಣ್ಣ ಎರಚುವ ಕೆಲಸದಲ್ಲಿ ತನ್ನಷ್ಟಕ್ಕೆ ಏನೂ ಇಲ್ಲ. ಎರಚಿದವನು ಏನನ್ನು ಉಳಿಸಿದ, ಯಾವುದರ ಮೇಲೆ ಮತ್ತೆ ಬಣ್ಣ ಸುರಿದು ಮುಚ್ಚಿದ, ಎಲ್ಲಿ ಕೈ ನಿಲ್ಲಿಸಿದ, ಮಾಡಿದ್ದರಲ್ಲಿ ಯಾವುದನ್ನು ಹೊರಗೆ ತೋರಿಸಿದ, ಬೆಲೆ ಇರುವುದು ಅಲ್ಲಿ. 1947ರಿಂದ 1950ರವರೆಗೆ ಪೊಲಾಕ್ ಮಾಡಿದ ಒಳ್ಳೆಯ ಚಿತ್ರಗಳು ಈ ಪರೀಕ್ಷೆಯಲ್ಲಿ ಪಾಸಾಗುತ್ತವೆ. ಸೋಫಾದ ಬಣ್ಣಕ್ಕೆ ಹೊಂದಲಿ ಅಂತ ಹೋಟೆಲ್ ಲಾಬಿಯಲ್ಲಿ ನೇತುಹಾಕುವ ಮಾಲು ಬಹುತೇಕ ಪಾಸಾಗುವುದಿಲ್ಲ. ಎರಡನ್ನೂ ಒಂದೇ ಬುಟ್ಟಿಗೆ ಹಾಕಿ "ಎಲ್ಲಾ ಮೋಸ" ಅಥವಾ "ಎಲ್ಲಾ ಅದ್ಭುತ" ಅನ್ನುವವರ ಜೊತೆ ವಾದ ಮಾಡಿ ಉಪಯೋಗ ಇಲ್ಲ.

ಬೆಲೆ, ಹೆಸರು ಎರಡನ್ನೂ ಹೊರಗಿಡಿ

1973ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಪೊಲಾಕ್‌ನ 'ಬ್ಲೂ ಪೋಲ್ಸ್' ಚಿತ್ರವನ್ನು 13 ಲಕ್ಷ ಆಸ್ಟ್ರೇಲಿಯನ್ ಡಾಲರ್ ಕೊಟ್ಟು ಕೊಂಡಿತು. ದೇಶವೆಲ್ಲ ಗಲಾಟೆ. ಇದು ಕುಡುಕರ ಕೈಕೆಲಸ ಅಂತ ಪತ್ರಿಕೆಗಳು ಬರೆದವು. ಪ್ರಧಾನಿ ಗಾಫ್ ವಿಟ್ಲಮ್ ಜಗ್ಗಲಿಲ್ಲ, ಆ ವರ್ಷದ ತಮ್ಮ ಕ್ರಿಸ್‌ಮಸ್ ಕಾರ್ಡಿನ ಮೇಲೆ ಅದೇ ಚಿತ್ರವನ್ನು ಅಚ್ಚು ಹಾಕಿಸಿದರು! ಇವತ್ತು ಅದರ ಬೆಲೆ ನೂರಾರು ಪಟ್ಟು ಏರಿದೆ. ಇದರಿಂದ ಏನು ಸಾಬೀತಾಯಿತು? ಅದನ್ನು ಕೊಂಡಿದ್ದು ಒಳ್ಳೆಯ ಹೂಡಿಕೆ ಅಂತ ಸಾಬೀತಾಯಿತು. ಅಷ್ಟೇ. ಚಿತ್ರ ಒಳ್ಳೆಯದು ಅಂತಲೂ ಅಲ್ಲ, ಕೆಟ್ಟದ್ದು ಅಂತಲೂ ಅಲ್ಲ.

ಹೆಸರಿನ ಕಥೆ ಇನ್ನೂ ಮಜಾ ಇದೆ. ನ್ಯೂಯಾರ್ಕಿನ ನೋಡ್ಲರ್ ಗ್ಯಾಲರಿ ನೂರೈವತ್ತು ವರ್ಷಕ್ಕೂ ಹಳೆಯದು. 2011ರಲ್ಲಿ ಬಾಗಿಲು ಮುಚ್ಚಿತು. ಅಲ್ಲಿಂದ 1.7 ಕೋಟಿ ಡಾಲರ್‌ಗೆ ಹೋಗಿದ್ದ ಒಂದು 'ಪೊಲಾಕ್' ನಕಲಿ ಅಂತ ಗೊತ್ತಾಯಿತು. ಅದನ್ನು ಬರೆದದ್ದು ಅದೇ ಊರಿನ ಕ್ವೀನ್ಸ್ ಬಡಾವಣೆಯಲ್ಲಿದ್ದ ಯಾರಿಗೂ ಗೊತ್ತಿಲ್ಲದ ಒಬ್ಬ ಚಿತ್ರಗಾರ. ಇನ್ನೊಂದು ನಕಲಿಯಲ್ಲಂತೂ ಪೊಲಾಕ್ ಹೆಸರಿನ ಇಂಗ್ಲಿಷ್ ಸ್ಪೆಲಿಂಗೇ ತಪ್ಪು, ಒಂದು ಅಕ್ಷರ ಬಿಟ್ಟುಹೋಗಿತ್ತು. ಹೆಸರು ನೋಡಿಯೇ ಕೊಂಡವರು ಹೆಸರನ್ನೂ ಸರಿಯಾಗಿ ನೋಡಿರಲಿಲ್ಲ.

ಇನ್ನೊಂದು ಪ್ರಸಂಗ 1964ರದ್ದು, ಸ್ವೀಡನ್ನಿನ ಗೊಥೆನ್‌ಬರ್ಗ್ ನಗರದ್ದು. 'ಪಿಯರ್ ಬ್ರಾಸೋ' ಎಂಬ ಫ್ರೆಂಚ್ ಕಲಾವಿದನ ನಾಲ್ಕು ಚಿತ್ರಗಳು ಪ್ರದರ್ಶನಕ್ಕೆ ಬಂದವು. ಒಬ್ಬ ವಿಮರ್ಶಕ ಕುಂಚದ ಹಿಡಿತವನ್ನು ಬಾಯ್ತುಂಬ ಹೊಗಳಿದ. ಆಮೇಲೆ ಗೊತ್ತಾಯಿತು, ಬ್ರಾಸೋ ಅಂದರೆ ಮೃಗಾಲಯದ ಪೀಟರ್ ಎಂಬ ಚಿಂಪಾಂಜಿ. ಒಬ್ಬ ಪತ್ರಕರ್ತ ಬೇಕೆಂದೇ ಹೂಡಿದ ಆಟ ಅದು. ಈ ಕಥೆಯನ್ನು ಎಲ್ಲರೂ ಹೇಳಿ ನಗುತ್ತಾರೆ, ನಗಬೇಕಾದ್ದೇ. ಆದರೆ ಒಂದು ಸಣ್ಣ ವಿವರ ಬಿಟ್ಟುಬಿಡುತ್ತಾರೆ. ಪೀಟರ್ ಮಾಡಿದ ರಾಶಿಯಿಂದ ಒಳ್ಳೆಯ ನಾಲ್ಕನ್ನು ಆರಿಸಿದ್ದು ಆ ಪತ್ರಕರ್ತ. ಅಂದರೆ ಆಯ್ಕೆ ಮನುಷ್ಯನದ್ದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಾಗಾಗಿ ಚಿತ್ರದ ಪಕ್ಕದ ಚೀಟಿಯನ್ನು ಕೊನೆಗೆ ಓದಿ. ಮೊದಲು ಚಿತ್ರ.

ಫೋನಿನಲ್ಲಿ ನೋಡಿ ತೀರ್ಪು ಕೊಡಬೇಡಿ

ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಮ್ಮಿನಲ್ಲಿರುವ 'ಆಟಮ್ ರಿದಮ್' (1950) ಹೆಚ್ಚುಕಮ್ಮಿ 9 ಅಡಿ ಎತ್ತರ, 17 ಅಡಿ ಅಗಲ. ಅದನ್ನು ನೀವು ಅಂಗೈಯಗಲದ ಸ್ಕ್ರೀನಿನಲ್ಲಿ ನೋಡುತ್ತೀರಿ. ಅಷ್ಟು ಸಣ್ಣದಾದರೆ ಎಲ್ಲ ಗೆರೆಗಳೂ ಸೇರಿ ಬರೀ ಗೀಚಾಟದ ಹಾಗೆ ಕಾಣುತ್ತವೆ. ಹಂಪಿಯ ಫೋಟೋವನ್ನು ಸ್ಟಾಂಪ್ ಸೈಜಿಗೆ ಇಳಿಸಿದರೂ ಕಲ್ಲುಗುಡ್ಡೆಯೇ ಕಾಣುವುದು.

ಎಲ್ಲರಿಗೂ ನ್ಯೂಯಾರ್ಕಿಗೆ ಹೋಗಲು ಆಗುವುದಿಲ್ಲ, ಸರಿ. ಹಾಗಿದ್ದರೆ ಹೀಗೆ ಮಾಡಿ. ಮ್ಯೂಸಿಯಮ್ಮಿನ ವೆಬ್‌ಸೈಟಿನಲ್ಲಿ ದೊಡ್ಡ ಫೋಟೋ ಸಿಗುತ್ತದೆ. ಅದನ್ನು ಲ್ಯಾಪ್‌ಟಾಪ್ ಅಥವಾ ಟಿವಿಯಲ್ಲಿ ತೆಗೆಯಿರಿ. ಮನೆಯ ಉದ್ದದ ಗೋಡೆಯ ಮೇಲೆ 17 ಅಡಿ ಅಳೆದು ಎರಡು ಕಡೆ ಟೇಪ್ ಅಂಟಿಸಿ. ಅಷ್ಟು ಉದ್ದದ ಗೋಡೆ ಇಲ್ಲ ಅಂದರೆ ಟೆರೇಸಿನಲ್ಲಿ ಅಳೆಯಿರಿ. ಆ ಎರಡು ಗುರುತುಗಳ ನಡುವೆ ಒಮ್ಮೆ ನಡೆಯಿರಿ. ಆಮೇಲೆ ಫೋಟೋವನ್ನು ಎಷ್ಟು ದೊಡ್ಡದು ಮಾಡಬೇಕೆಂದರೆ ಒಂದು ಗೆರೆಯ ದಪ್ಪ ನಿಮ್ಮ ಬೆರಳಿನಷ್ಟು ಕಾಣಬೇಕು. ಒಂದು ಮೂಲೆಯಿಂದ ಶುರುಮಾಡಿ ನಿಧಾನಕ್ಕೆ ಸರಿಸುತ್ತಾ ಹೋಗಿ. ಹತ್ತು ನಿಮಿಷವಾದರೂ ಕೊಡಿ. ಬೇಜಾರಾಗುತ್ತದೆ, ಆಗಲಿ. ಐದನೇ ನಿಮಿಷದ ಹೊತ್ತಿಗೆ ಕಣ್ಣು ಹೊಂದಿಕೊಂಡು, ಗೋಜಲಿನ ಒಳಗೆ ಬೇರೆ ಬೇರೆ ಗೆರೆಗಳು ಬೇರೆ ಬೇರೆಯಾಗಿ ಕಾಣತೊಡಗುತ್ತವೆ.

ಒಂದು ಗೆರೆಯನ್ನು ಹಿಡಿದು ಬೆನ್ನುಹತ್ತಿ

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕಂದರೆ ಪರೀಕ್ಷೆಯ ಜೀವ ಇರುವುದೇ ಗೆರೆಯಲ್ಲಿ.

ಪೊಲಾಕ್ ಕ್ಯಾನ್ವಾಸನ್ನು ನೆಲದ ಮೇಲೆ ಹಾಸುತ್ತಿದ್ದ. ಮನೆಗೆ, ಕಾರಿಗೆ ಬಳಿಯುವ ಎನಾಮೆಲ್ ಪೇಂಟನ್ನು ಕೋಲು, ಒಣಗಿ ಗಟ್ಟಿಯಾದ ಬ್ರಷ್, ಅಡುಗೆಮನೆಯ ಪಿಚಕಾರಿಯಿಂದ ಸುರಿಯುತ್ತಿದ್ದ. ಕೋಲು ಬಟ್ಟೆಗೆ ತಾಗುತ್ತಿರಲಿಲ್ಲ, ಬಣ್ಣ ಗಾಳಿಯಲ್ಲಿ ದಾರದ ಹಾಗೆ ಇಳಿದು ಬೀಳುತ್ತಿತ್ತು. ಗಮನಿಸಿ, ಇದು ಪೂರ್ತಿ ಎರಚಾಟ ಅಲ್ಲ. ಬ್ರಷ್ ಕೊಡವಿದಾಗ ಬೀಳುವ ಚುಕ್ಕೆಗಳು ಬೇರೆ, ಕೋಲಿನಿಂದ ಇಳಿಬಿಟ್ಟ ದಾರ ಬೇರೆ. ಅವನ ಒಳ್ಳೆಯ ಚಿತ್ರಗಳಲ್ಲಿ ದಾರವೇ ಜಾಸ್ತಿ. ಅಗ್ಗದ ಅನುಕರಣೆಗಳಲ್ಲಿ ಚುಕ್ಕೆಗಳೇ ಜಾಸ್ತಿ, ಯಾಕಂದರೆ ಚುಕ್ಕೆ ಸುಲಭ.

ದಾರ ಯಾಕೆ ಕಷ್ಟ? ಜೇನುತುಪ್ಪವನ್ನು ಚಮಚದಿಂದ ಮೇಲಿನಿಂದ ಇಳಿಬಿಡಿ. ಕೆಳಗೆ ಮುಟ್ಟಿದ ತಕ್ಷಣ ಸುರುಳಿ ಸುರುಳಿಯಾಗಿ ಸುತ್ತಿಕೊಳ್ಳುತ್ತದೆ. ಮಂದವಾದ ಯಾವ ದ್ರವವೂ ಹೀಗೆಯೇ. ಕೈ ನಿಧಾನವಾದರೆ ಸುರುಳಿ, ಬೇಗ ಸರಿದರೆ ನೇರ ಗೆರೆ. ತೀರಾ ತೆಳುವಾದರೆ ದಾರ ಹರಿದು ಹನಿಗಳಾಗುತ್ತದೆ. ಅಂದರೆ ಕೈಯ ಎತ್ತರ, ಕೈಯ ವೇಗ, ಬಣ್ಣದ ಮಂದ, ಈ ಮೂರೂ ಒಟ್ಟಿಗೆ ಹೊಂದಬೇಕು. ಹಾನ್ಸ್ ನಮುತ್ ಎಂಬ ಫೋಟೋಗ್ರಾಫರ್ 1950ರಲ್ಲಿ ಪೊಲಾಕ್ ಕೆಲಸ ಮಾಡುವುದನ್ನು ಫಿಲಂ ಮಾಡಿದ್ದ. ರಾಬರ್ತೊ ಜೆನಿತ್ ಎಂಬ ವಿಜ್ಞಾನಿ ಮತ್ತು ಜೊತೆಗಾರರು ಆ ಫಿಲಂನಿಂದ ಅವನ ಕೈಯ ವೇಗ, ಎತ್ತರ ಅಳೆದು, ಪ್ರಯೋಗ ಮಾಡಿ, 2019ರಲ್ಲಿ ಪ್ರಕಟಿಸಿದರು. ಸುರುಳಿ ಬೀಳದ ವೇಗ ಮತ್ತು ಎತ್ತರದಲ್ಲೇ ಅವನ ಕೈ ಓಡಾಡುತ್ತಿತ್ತು. ಅದಕ್ಕೂ ಮೊದಲು 2011ರಲ್ಲಿ ಹಾರ್ವರ್ಡ್‌ನ ಎಲ್. ಮಹಾದೇವನ್ ಮತ್ತಿಬ್ಬರು ಇದೇ ದ್ರವದ ಆಟವನ್ನು ಅವನ ಗೆರೆಗಳಲ್ಲಿ ಹುಡುಕಿ ಬರೆದಿದ್ದರು. ಅವನಿಗೆ ಫಿಸಿಕ್ಸ್ ಗೊತ್ತಿತ್ತು ಅಂತಲ್ಲ. ಕೈಗೆ ಗೊತ್ತಿತ್ತು.

ಈಗ ನೀವು ಮಾಡಬೇಕಾದ್ದು: ಒಂದು ಕಪ್ಪು ಗೆರೆ ಹಿಡಿಯಿರಿ, ಕಣ್ಣಲ್ಲೇ ಹಿಂದೆ ಹೋಗಿ. ಎಷ್ಟು ದೂರ ಕಡಿಯದೆ ಹೋಗುತ್ತದೆ? ತಿರುವಿನಲ್ಲಿ ದಪ್ಪ ಆಗುತ್ತದಾ, ತೆಳು ಆಗುತ್ತದಾ? ಕೈ ತಡೆದ ಜಾಗ, ಕೈ ಓಡಿದ ಜಾಗ ಗೊತ್ತಾಗುತ್ತದಾ? ಒಳ್ಳೆಯ ಚಿತ್ರದಲ್ಲಿ ಒಂದೇ ಗೆರೆ ದಪ್ಪವಾಗಿ ಶುರುವಾಗಿ, ಕೂದಲಿನಷ್ಟು ತೆಳ್ಳಗಾಗಿ, ತಿರುಗುವಲ್ಲಿ ಮಡುಗಟ್ಟಿ, ಮತ್ತೆ ಓಡುತ್ತದೆ. ಕೆಟ್ಟದ್ದರಲ್ಲಿ ಎಲ್ಲ ಗೆರೆಯೂ ಒಂದೇ ದಪ್ಪ, ಒಂದೇ ವೇಗ, ಒಂದೇ ಉದ್ದ. ಒಂದು ನೋಡಿದರೆ ಎಲ್ಲ ನೋಡಿದ ಹಾಗೆ.

ಪದರ ಬಿಡಿಸಿ ನೋಡಿ

ಯಾವುದು ಮೊದಲು ಬಿತ್ತು, ಯಾವುದು ಆಮೇಲೆ? ಇದನ್ನು ಕೇಳಿಕೊಂಡು ನೋಡಿದರೆ ಚಿತ್ರ ಪತ್ತೇದಾರಿ ಕಥೆಯ ಹಾಗೆ ಬಿಚ್ಚಿಕೊಳ್ಳುತ್ತದೆ. 'ಆಟಮ್ ರಿದಮ್' ಕಪ್ಪಿನಿಂದ ಶುರುವಾದದ್ದು, ನಮುತ್ ತೆಗೆದ ಫೋಟೋಗಳಲ್ಲೇ ಅದು ಕಾಣುತ್ತದೆ. ಅದರ ಮೇಲೆ ಕಂದು, ಬಿಳಿ, ಅಲ್ಲಲ್ಲಿ ಒಂದಿಷ್ಟು ನೀಲಿ ಬೆರೆತ ಬೂದು. ಬಟ್ಟೆಗೆ ಮೊದಲು ಪ್ರೈಮರ್ ಬಳಿದಿಲ್ಲ, ಹಾಗಾಗಿ ಬಟ್ಟೆಯ ಬಣ್ಣವೂ ಲೆಕ್ಕಕ್ಕೆ ಸೇರುತ್ತದೆ. ಎಷ್ಟೋ ಜಾಗದಲ್ಲಿ ಬಟ್ಟೆ ಖಾಲಿಯೇ ಇದೆ.

ಒದ್ದೆಯ ಮೇಲೆ ಒದ್ದೆ ಬಿದ್ದರೆ ಬಣ್ಣಗಳು ಒಂದಕ್ಕೊಂದು ಸೇರಿ ಕದಡುತ್ತವೆ. ಒಣಗಿದ ಮೇಲೆ ಬಿದ್ದರೆ ಗೆರೆ ಚೂಪಾಗಿ ಮೇಲೆ ಕೂರುತ್ತದೆ. ಒಂದೇ ಚಿತ್ರದಲ್ಲಿ ಎರಡೂ ಕಂಡರೆ, ಮಾಡಿದವನು ಕಾದಿದ್ದಾನೆ ಅಂತ ಅರ್ಥ. ಪೊಲಾಕ್ ಕಾಯುತ್ತಿದ್ದ. ಒಂದು ಸುತ್ತು ಮುಗಿಸಿ, ಗೋಡೆಗೆ ತೂಗುಹಾಕಿ, ಕೆಲವು ಸಲ ದಿನಗಟ್ಟಲೆ ನೋಡುತ್ತಾ ಕೂತು, ಆಮೇಲೆ ಮತ್ತೆ ನೆಲಕ್ಕಿಳಿಸುತ್ತಿದ್ದ. ಕುಡಿದು ಕುಣಿದಾಡುತ್ತಾ ಒಂದೇ ಉಸಿರಿನಲ್ಲಿ ಮುಗಿಸಿದ ಅನ್ನುವುದು ಕಟ್ಟುಕಥೆ. ಕುಡಿತದ ಚಟ ಇದ್ದದ್ದು ನಿಜ, 1956ರಲ್ಲಿ ಕುಡಿದು ಕಾರು ಓಡಿಸಿ 44ನೇ ವಯಸ್ಸಿಗೆ ಸತ್ತ. ಆದರೆ ಅವನ ಅತ್ಯುತ್ತಮ ಚಿತ್ರಗಳ ಕಾಲದಲ್ಲಿ, 1948ರ ಕೊನೆಯಿಂದ ಸುಮಾರು ಎರಡು ವರ್ಷ ಅವನು ಕುಡಿತ ಬಿಟ್ಟಿದ್ದ. ಟೈಮ್ ಪತ್ರಿಕೆ ಅವನ ಚಿತ್ರಗಳನ್ನು ಬರೀ ಗೊಂದಲ ಅನ್ನುವ ಹಾಗೆ ಬರೆದಾಗ, ಗೊಂದಲ ಗಿಂದಲ ಏನೂ ಇಲ್ಲ ಅಂತ ಸಿಟ್ಟಿನಿಂದ ಟೆಲಿಗ್ರಾಂ ಕಳಿಸಿದ.

ಮೇಲಿನ ಪದರ ಕೆಳಗಿನದಕ್ಕೆ ಉತ್ತರ ಕೊಡುತ್ತಿದೆಯಾ ನೋಡಿ. ಕಪ್ಪು ತೀರಾ ಗುಂಪಾದ ಕಡೆ ಬಿಳಿ ಬಂದು ಬಿಡಿಸಿದೆಯಾ? ಖಾಲಿ ಬಿಟ್ಟ ಜಾಗವನ್ನು ಆಮೇಲೆ ಬಂದ ಗೆರೆ ಬಳಸಿಕೊಂಡು ಹೋಗಿದೆಯಾ, ಇಲ್ಲ ಸುಮ್ನೆ ತುಳಿದುಕೊಂಡು ಹೋಗಿದೆಯಾ? ಇದಕ್ಕೆ ಹೌದು ಅನ್ನುವ ಉತ್ತರ ಹತ್ತು ಕಡೆ ಸಿಕ್ಕರೆ, ಅಲ್ಲಿ ಯಾರೋ ಯೋಚನೆ ಮಾಡಿದ್ದಾರೆ.

ನೆಲದ ಪರೀಕ್ಷೆ

ನನಗೆ ತುಂಬಾ ಇಷ್ಟವಾದ ಪರೀಕ್ಷೆ ಇದು. ಪೊಲಾಕ್ ಮತ್ತು ಅವನ ಹೆಂಡತಿ ಲೀ ಕ್ರಾಸ್ನರ್ ಲಾಂಗ್ ಐಲೆಂಡಿನ ಸ್ಪ್ರಿಂಗ್ಸ್ ಎಂಬ ಊರಲ್ಲಿ ಮನೆ ಮಾಡಿದ್ದರು. ಲೀ ಸ್ವತಃ ದೊಡ್ಡ ಕಲಾವಿದೆ, ಅವಳನ್ನು ಬರೀ ಹೆಂಡತಿ ಅಂತ ಹೇಳುವುದು ಅನ್ಯಾಯ. ಮನೆಯ ಪಕ್ಕದ ಹಳೇ ಕಣಜವೇ ಅವನ ಕೆಲಸದ ಜಾಗ. 1953ರಲ್ಲಿ ಅದರ ನೆಲಕ್ಕೆ ಹೊಸ ಹಲಗೆ ಹೊದಿಸಿದರು. ಇಬ್ಬರೂ ತೀರಿಹೋದ ಮೇಲೆ, ಜಾಗ ಮ್ಯೂಸಿಯಂ ಆಗುವಾಗ ಆ ಹಲಗೆ ಎತ್ತಿದರೆ, ಕೆಳಗೆ ಹಳೇ ನೆಲ ಹಾಗೇ ಇತ್ತು, ಮೈತುಂಬಾ ಬಣ್ಣ. ಈಗ ಮೆತ್ತನೆ ಚಪ್ಪಲಿ ಹಾಕಿಕೊಂಡು ಅದರ ಮೇಲೆ ಓಡಾಡಬಹುದು.

ಯೋಚನೆ ಮಾಡಿ. ಅದೇ ಕೈ, ಅದೇ ಬಣ್ಣ, ಅದೇ ವರ್ಷಗಳು. ನೆಲದ ಮೇಲೆ ಬಿದ್ದದ್ದು ಕ್ಯಾನ್ವಾಸಿನ ಅಂಚು ದಾಟಿ ಚೆಲ್ಲಿದ್ದು, ಯಾರೂ ಆರಿಸದೇ ಇದ್ದದ್ದು. ಎರಚಿದ್ದೆಲ್ಲ ಕಲೆ ಆಗುವುದಾದರೆ ಆ ನೆಲವೂ ಅಷ್ಟೇ ದೊಡ್ಡ ಚಿತ್ರ ಆಗಬೇಕಿತ್ತು. ನೆಲದ ಫೋಟೋವನ್ನೂ 'ಒನ್: ನಂಬರ್ 31' (1950) ಫೋಟೋವನ್ನೂ ಪಕ್ಕಪಕ್ಕ ಇಟ್ಟು ನೋಡಿ. ನೆಲ ಚೆನ್ನಾಗಿಲ್ಲ ಅಂತಲ್ಲ, ನೋಡಲು ಖುಷಿಯಾಗುತ್ತದೆ. ಆದರೆ ಅಲ್ಲಿ ಕ್ಯಾನ್ವಾಸಿನ ಅಂಚು ಇದ್ದ ಕಡೆ ಬಣ್ಣ ತಟ್ಟನೆ ನಿಂತಿದೆ, ಒಂದು ಕಡೆ ಗುಡ್ಡೆ ಬಿದ್ದಿದೆ, ಇನ್ನೊಂದು ಕಡೆ ಏನೂ ಇಲ್ಲ, ಯಾವುದಕ್ಕೂ ಯಾವುದೂ ಸಂಬಂಧ ಇಲ್ಲ. ಚಿತ್ರದಲ್ಲಿ ಗೆರೆಗಳು ಅಂಚಿನ ಹತ್ತಿರ ಬಂದು ಒಳಗೆ ತಿರುಗುತ್ತವೆ. ಮಧ್ಯದಲ್ಲಿ ದಟ್ಟ, ಅಂಚಿಗೆ ಬರುತ್ತಾ ಸಡಿಲ. ಮೂಲೆಗಳನ್ನು ತಪ್ಪದೆ ನೋಡಿ. ಹೊಸಬರು ಸೋಲುವುದೇ ಅಲ್ಲಿ, ಒಂದೋ ಮೂಲೆ ಮರೆತಿರುತ್ತಾರೆ, ಇಲ್ಲ ಬೇಕಂತಲೇ ಒಂದಿಷ್ಟು ಚೆಲ್ಲಿ ತುಂಬಿಸಿರುತ್ತಾರೆ.

ನಿಮ್ಮ ಕೈಯಲ್ಲಿರುವ ಯಾವ ಎರಚು ಚಿತ್ರಕ್ಕೂ ಇದೇ ಪ್ರಶ್ನೆ ಕೇಳಿ: ಇದು ಚಿತ್ರವಾ, ಚಿತ್ರ ಮಾಡುವಾಗ ಗಲೀಜಾದ ನೆಲವಾ?

ಮಗು ಮತ್ತು ಚಿಂಪಾಂಜಿ

ಮಗುವೂ ಮಾಡುತ್ತದೆ ಅನ್ನುವ ಮಾತನ್ನು ಏಂಜಲೀನಾ ಹಾಲಿ-ಡೋಲನ್ ಮತ್ತು ಎಲೆನ್ ವಿನರ್ ನಿಜವಾಗಿಯೂ ಪರೀಕ್ಷೆ ಮಾಡಿದರು, 2011ರಲ್ಲಿ ಪ್ರಕಟಿಸಿದರು. ಹೆಸರಾದ ಅಮೂರ್ತ ಕಲಾವಿದರ ಚಿತ್ರವನ್ನು, ಅದೇ ಥರ ಕಾಣುವ ಮಗುವಿನ ಅಥವಾ ಪ್ರಾಣಿಯ ಚಿತ್ರದ ಜೊತೆ ಜೋಡಿ ಮಾಡಿ ಕಾಲೇಜು ಹುಡುಗರಿಗೆ ತೋರಿಸಿ, ಯಾವುದು ಚೆನ್ನಾಗಿದೆ ಅಂತ ಕೇಳಿದರು. ಕೆಲವು ಸಲ ಬೇಕೆಂದೇ ಯಾರದ್ದು ಅನ್ನುವ ಚೀಟಿ ಅದಲುಬದಲು ಮಾಡಿದರು. ಆದರೂ ಕಲಾವಿದನ ಚಿತ್ರವನ್ನು ಆರಿಸಿದ್ದು ಅರ್ಧಕ್ಕಿಂತ ಜಾಸ್ತಿ ಸಲ, ನೂರಕ್ಕೆ 60–70ರ ಹತ್ತಿರ. ಕಲೆ ಓದದೇ ಇದ್ದವರೂ ಹಾಗೆಯೇ ಆರಿಸಿದರು.

ಇದನ್ನು ಎರಡು ಕಡೆಯವರೂ ತಮಗೆ ಬೇಕಾದಂತೆ ಎಳೆಯುತ್ತಾರೆ. ನಾನು ಎರಡನ್ನೂ ಒಪ್ಪುತ್ತೇನೆ. ಬರೀ ಅದೃಷ್ಟ ಆಗಿದ್ದರೆ 50 ಬರಬೇಕಿತ್ತು, ಹಾಗಾಗಿ ಏನೋ ವ್ಯತ್ಯಾಸ ಕಾಣುತ್ತಿದೆ. ಆದರೆ ನೂರಕ್ಕೆ ನೂರು ಬರಲಿಲ್ಲ. ಮೂವತ್ತು ನಲವತ್ತು ಸಲ ಮಗುವೋ ಕೋತಿಯೋ ಗೆದ್ದಿದೆ. ಹಾಗಾಗಿ ಒಂದೇ ಚಿತ್ರ ನೋಡಿ ಕಲಾವಿದನನ್ನು ಅಳೆಯಬೇಡಿ. ಸಾಲಾಗಿ ಐದಾರು ನೋಡಿ. ಮಗು ಒಂದು ಸಲ ಸುಂದರವಾಗಿ ಮಾಡಬಹುದು, ಬೇಕೆಂದಾಗ ಮತ್ತೆ ಬೇರೆ ಥರ ಮಾಡಲು ಆಗುವುದಿಲ್ಲ. ಪೊಲಾಕ್‌ನ 'ಲ್ಯಾವೆಂಡರ್ ಮಿಸ್ಟ್' ಮಂಜಿನ ಹಾಗೆ ನುಣ್ಣಗಿದೆ, 'ಆಟಮ್ ರಿದಮ್' ಎಲುಬುಗೂಡಿನ ಹಾಗೆ ಬಿಡಿಬಿಡಿಯಾಗಿದೆ. ಎರಡೂ ಅದೇ ವರ್ಷದ್ದು, ಅದೇ ವಿಧಾನದ್ದು.

ಕಂಪ್ಯೂಟರ್ ಹತ್ತಿರ ಕೇಳೋಣ ಅಂದರೆ ಅದೂ ಅಷ್ಟು ನೆಚ್ಚುವ ಹಾಗಿಲ್ಲ. 1999ರಲ್ಲಿ ರಿಚರ್ಡ್ ಟೇಲರ್ ಎಂಬ ಭೌತವಿಜ್ಞಾನಿ ಪೊಲಾಕ್ ಗೆರೆಗಳಲ್ಲಿ ಫ್ರ್ಯಾಕ್ಟಲ್ ಮಾದರಿ, ಅಂದರೆ ಎಷ್ಟು ದೊಡ್ಡದು ಮಾಡಿ ನೋಡಿದರೂ ಅದೇ ಥರ ಕಾಣುವ ಮಾದರಿ ಇದೆ ಅಂದರು. 2006ರಲ್ಲಿ ಕ್ಯಾಥರೀನ್ ಜೋನ್ಸ್-ಸ್ಮಿತ್ ಮತ್ತು ಹರ್ಷ್ ಮಾಥುರ್ ಬಾಲಿಶವಾಗಿ ನಕ್ಷತ್ರ ಗೀಚಿ, ಇದೂ ನಿಮ್ಮ ಲೆಕ್ಕದಲ್ಲಿ ಪಾಸಾಗುತ್ತದಲ್ಲ ಅಂತ ತೋರಿಸಿದರು. ಜಗಳ ಇನ್ನೂ ಮುಗಿದಿಲ್ಲ.

ಈಗ ನೀವೇ ಮಾಡಿ

ಇಷ್ಟು ಓದಿದ ಮೇಲೂ "ಯಾರು ಬೇಕಾದರೂ ಮಾಡಬಹುದು" ಅನ್ನಿಸಿದರೆ ತುಂಬಾ ಒಳ್ಳೆಯದು. ಮಾಡಿ. ಒಂದು ಭಾನುವಾರ ಸಾಕು ಶುರುಮಾಡಲು.

ಬಟ್ಟೆ ಅಂಗಡಿಯಲ್ಲಿ ದಪ್ಪ ಬಿಳಿ ಕಾಟನ್ ಬಟ್ಟೆ ತನ್ನಿ, ಇಲ್ಲ ಹಳೇ ಬೆಡ್‌ಶೀಟ್ ಆದರೂ ಆಗುತ್ತದೆ. 4 ಅಡಿಗೆ 6 ಅಡಿಗಿಂತ ಸಣ್ಣದು ಬೇಡ. ಸಣ್ಣದಾದರೆ ಬರೀ ಮಣಿಕಟ್ಟು ಆಡುತ್ತದೆ, ಭುಜ ಆಡುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಎನಾಮೆಲ್ ಪೇಂಟ್ ಕೇಳಿ, ಗೇಟಿಗೆ ಕಿಟಕಿಗೆ ಹೊಡೆಯುವುದು. ಕಪ್ಪು ಅರ್ಧ ಲೀಟರ್, ಬಿಳಿ ಅರ್ಧ ಲೀಟರ್, ನಿಮಗಿಷ್ಟದ ಇನ್ನೊಂದು ಬಣ್ಣ ಸಣ್ಣ ಡಬ್ಬಿ. ಮೂರಕ್ಕಿಂತ ಜಾಸ್ತಿ ಬಣ್ಣ ಬೇಡವೇ ಬೇಡ. ತೆಳು ಮಾಡಲು ಟರ್ಪೆಂಟೈನ್. ಗೋಡೆಗೆ ಬಳಿಯುವ ಎಮಲ್ಷನ್ ಮನೆಯಲ್ಲಿ ಮಿಕ್ಕಿದೆ ಅಂತ ಅದನ್ನೇ ಬಳಸಲು ಹೋಗಬೇಡಿ, ಎನಾಮೆಲ್‌ನಷ್ಟು ಉದ್ದದ ದಾರ ಅದರಲ್ಲಿ ಬರುವುದು ಕಷ್ಟ. ಕೆಳಗೆ ಟಾರ್ಪಾಲಿನ್ ಹಾಸಿ, ಟೆರೇಸಿನಲ್ಲೋ ಶೆಡ್ಡಿನಲ್ಲೋ ಮಾಡಿ. ಮುಚ್ಚಿದ ರೂಮಿನಲ್ಲಿ ಬೇಡ, ವಾಸನೆಗೆ ತಲೆ ಸುತ್ತುತ್ತದೆ. ಹತ್ತಿರ ಬೆಂಕಿ, ಸಿಗರೇಟು ಏನೂ ಇರಬಾರದು. ಕೈಗವಸು ಹಾಕಿ. ಬಣ್ಣ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯದೆ ಹರಡಿ ಒಣಗಿಸಿ. ಮತ್ತೆ, ಪಕ್ಕದ ಮನೆಯವರ ಬಟ್ಟೆ ಒಣಗಿಹಾಕಿದ ದಿನ ಗಾಳಿ ಇದ್ದರೆ ಮಾಡಲೇಬೇಡಿ.

ಮೊದಲು ನ್ಯೂಸ್‌ಪೇಪರ್ ಮೇಲೆ ಅಭ್ಯಾಸ. ಕೋಲನ್ನು ಬಣ್ಣದಲ್ಲಿ ಅದ್ದಿ ಎತ್ತಿ. ಹನಿ ಹನಿಯಾಗಿ ಬಿದ್ದರೆ ಜಾಸ್ತಿ ತೆಳು, ಮುದ್ದೆಯಾಗಿ ಬಿದ್ದರೆ ಜಾಸ್ತಿ ಮಂದ. ಕಡಿಯದ ದಾರ ಬರುವವರೆಗೆ ಟರ್ಪೆಂಟೈನ್ ಸ್ವಲ್ಪ ಸ್ವಲ್ಪವೇ ಬೆರೆಸಿ. ಬಂತಾ? ಈಗ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಗೆರೆ ಬಿಡಿ, ಕಡಿಯಬಾರದು. ಆಮೇಲೆ ಅದೇ ಗೆರೆಯನ್ನು ಮಧ್ಯದಲ್ಲಿ ತೆಳು ಮಾಡಿ, ಕೊನೆಯಲ್ಲಿ ದಪ್ಪ ಮಾಡಿ. ಇಲ್ಲೇ ಅರ್ಧ ಜನ "ಅಯ್ಯೋ ಇರಲಿ ಬಿಡಿ" ಅಂತಾರೆ.

ಬಟ್ಟೆಯ ಮೇಲೆ ಕಪ್ಪಿನಿಂದ ಶುರುಮಾಡಿ. ನಾಲ್ಕು ಕಡೆಯಿಂದಲೂ ಸುತ್ತಿ ಕೆಲಸ ಮಾಡಿ, ಒಂದೇ ಕಡೆ ನಿಲ್ಲಬೇಡಿ. ಬಟ್ಟೆಯ ಅರ್ಧದಷ್ಟಾದರೂ ಖಾಲಿ ಇರುವಾಗಲೇ ನಿಲ್ಲಿಸಿ, ಇದು ಕಟ್ಟುನಿಟ್ಟು. ರಾತ್ರಿ ಒಣಗಲು ಬಿಡಿ. ಬೆಳಿಗ್ಗೆ ಅದನ್ನು ಗೋಡೆಗೆ ಕ್ಲಿಪ್ ಹಾಕಿ ನೇತುಹಾಕಿ ದೂರದಿಂದ ನೋಡಿ. ಎಲ್ಲಿ ಗುಡ್ಡೆ ಬಿದ್ದಿದೆ, ಎಲ್ಲಿ ಬೋಳು, ಯಾವ ಗೆರೆ ಚೆನ್ನಾಗಿದೆ, ಯಾವುದನ್ನು ಮುಚ್ಚಬೇಕು? ಉತ್ತರ ಸಿಗದೆ ಎರಡನೇ ಬಣ್ಣ ಮುಟ್ಟಬೇಡಿ. ಸಿಕ್ಕ ಮೇಲೆ ನೆಲಕ್ಕಿಳಿಸಿ ಬಿಳಿ ಬಿಡಿ, ಮತ್ತೆ ಒಣಗಿಸಿ. ಮೂರನೇ ಬಣ್ಣ ಬಹಳ ಕಮ್ಮಿ.

ಹೆಚ್ಚಿನವರಿಗೆ ಆಗುವುದು ಇಷ್ಟು. ಕಪ್ಪು ಬಿಟ್ಟಾಗ ಖುಷಿ. ಬಿಳಿ ಬಿಟ್ಟಾಗ ಇನ್ನೂ ಖುಷಿ, ಕೈ ನಿಲ್ಲುವುದಿಲ್ಲ. ಒಣಗುವವರೆಗೆ ಕಾಯಲು ಆಗದೆ ಮೂರನೆಯದನ್ನೂ ಸುರಿಯುತ್ತಾರೆ, ಎಲ್ಲಾ ಕಲಸಿ ಕೆಸರು. ಮಕ್ಕಳ ಬಣ್ಣದ ಹಾಳೆ ಕೊನೆಗೆ ಕಂದುಬಣ್ಣಕ್ಕೆ ತಿರುಗುವುದೂ ಇದಕ್ಕೇ, ಟೀಚರ್ ಕಿತ್ತುಕೊಳ್ಳದಿದ್ದರೆ ಮಗು ನಿಲ್ಲಿಸುವುದಿಲ್ಲ. ನಿಮ್ಮದು ಕೆಸರಾದರೆ ಇನ್ನೊಂದು ಮಾಡಿ, ಮತ್ತೊಂದು ಮಾಡಿ. ಮೂರನ್ನೂ ಸಾಲಾಗಿ ಹಾಕಿ ಒಂದನ್ನು ಆರಿಸಿ. ಮನೆಯವರನ್ನೂ ಕರೆದು, ನಿಮ್ಮ ಆಯ್ಕೆ ಹೇಳದೆ, ಅವರ ಆಯ್ಕೆ ಕೇಳಿ. ಒಂದೇ ಆದರೆ ಅದರಲ್ಲಿ ಏನೋ ಇದೆ. ಇದಾದ ಮೇಲೆ 'ಒನ್: ನಂಬರ್ 31' ಮತ್ತೊಮ್ಮೆ ತೆಗೆದು ನೋಡಿ. ಹೊಗಳಿಕೆಯೋ ಬೈಗುಳವೋ, ಈಗ ನೀವು ಹೇಳುವ ಮಾತಿಗೆ ತೂಕ ಇರುತ್ತದೆ.

ಮೊದಲು ಮಾಡಿದವನು ಅನ್ನುವ ವಾದ

"ಈಗ ಯಾರು ಬೇಕಾದರೂ ಮಾಡಬಹುದು, ಆದರೆ ಅವನು ಮೊದಲು ಮಾಡಿದ" ಅಂತ ಕೆಲವರು ಸಮರ್ಥನೆ ಕೊಡುತ್ತಾರೆ. ಇದು ದುರ್ಬಲ ವಾದ, ಬಿಟ್ಟುಬಿಡಿ. ಮೊದಲಿಗ ಅವನಲ್ಲ. ಉಕ್ರೇನಿನಿಂದ ಅಮೆರಿಕಕ್ಕೆ ಬಂದ ಜಾನೆಟ್ ಸೋಬೆಲ್ ಎಂಬ ಗೃಹಿಣಿ ಅವನಿಗಿಂತ ಮುಂಚೆಯೇ ಬಣ್ಣ ಸುರಿದು ಚಿತ್ರ ಮಾಡಿದ್ದಳು. ಅವಳ 'ಮಿಲ್ಕಿ ವೇ' 1945ರದ್ದು. ಪೊಲಾಕ್ ಅವಳ ಚಿತ್ರಗಳನ್ನು ನೋಡಿದ್ದ, ಅವು ಮನಸ್ಸಿಗೆ ನಾಟಿದ್ದನ್ನು ಒಪ್ಪಿಕೊಂಡಿದ್ದ. 1936ರಲ್ಲಿ ಮೆಕ್ಸಿಕೋದ ಕಲಾವಿದ ಸಿಕೇರೋಸ್ ನ್ಯೂಯಾರ್ಕಿನಲ್ಲಿ ನಡೆಸಿದ ಕಾರ್ಯಾಗಾರದಲ್ಲಿ ಎನಾಮೆಲ್ ಸುರಿಯುವುದನ್ನು ಪೊಲಾಕ್ ಕಲಿತಿದ್ದ. ಜಪಾನಿನ ಸೆಸ್ಶೂ 1495ರಲ್ಲೇ ಮಸಿ ಚೆಲ್ಲಿದ ಹಾಗೆ ಬೆಟ್ಟ ನೀರು ಬರೆದಿದ್ದಾನೆ. ಮೊದಲಿಗ ಅನ್ನುವುದು ಪಂದ್ಯದ ಲೆಕ್ಕ. ಚಿತ್ರ ನಿಲ್ಲಬೇಕಾದ್ದು ಗೋಡೆಯ ಮೇಲೆ.

ಅಮೆರಿಕ ಶೀತಲ ಸಮರದ ಕಾಲದಲ್ಲಿ ಈ ಕಲೆಯನ್ನು ತನ್ನ ಸ್ವಾತಂತ್ರ್ಯದ ಗುರುತು ಅಂತ ಯುರೋಪಿನ ತುಂಬಾ ಮೆರೆಸಿದ್ದೂ ನಿಜ. ಅದು ಪ್ರಚಾರದ ಕಥೆ. ಪ್ರಚಾರ ಹೆಸರು ಮಾಡಿಕೊಡುತ್ತದೆ, ಗೆರೆಯನ್ನು ತೆಳ್ಳಗೆ ಮಾಡಿಕೊಡುವುದಿಲ್ಲ.

ಹಾಗಂತ ಬೈಗುಳವೂ ಹೊಸದಲ್ಲ. 1877ರಲ್ಲಿ ಇಂಗ್ಲೆಂಡಿನ ಕಲಾ ವಿಮರ್ಶಕ ಜಾನ್ ರಸ್ಕಿನ್, ವಿಸ್ಲರ್ ಎಂಬ ಕಲಾವಿದನ ಪಟಾಕಿ ರಾತ್ರಿಯ ಚಿತ್ರ ನೋಡಿ, ಜನರ ಮುಖಕ್ಕೆ ಬಣ್ಣದ ಡಬ್ಬಿ ಎರಚಲು 200 ಗಿನಿ (ಆಗಿನ ಇಂಗ್ಲೆಂಡಿನ ಹಣ) ಕೇಳುತ್ತಾನೆ ಅಂತ ಬರೆದ. ವಿಸ್ಲರ್ ಕೋರ್ಟಿಗೆ ಹೋದ. ಎರಡು ದಿನದ ಕೆಲಸಕ್ಕೆ ಅಷ್ಟು ದುಡ್ಡಾ ಅಂತ ವಕೀಲ ಕೇಳಿದಾಗ, ಇಲ್ಲ, ಜೀವಮಾನದ ತಿಳಿವಳಿಕೆಗೆ ಅಂದ. ಕೇಸು ಗೆದ್ದ, ಪರಿಹಾರ ಒಂದು ಫಾರ್ದಿಂಗ್, ಅಂದರೆ ಕಾಲು ಪೆನ್ನಿ! ಖರ್ಚಿಗೆ ದಿವಾಳಿ ಎದ್ದ. ಆ ಚಿತ್ರ ಈಗ ಡೆಟ್ರಾಯಿಟ್ ಮ್ಯೂಸಿಯಮ್ಮಿನಲ್ಲಿದೆ, ಇವತ್ತು ನೋಡಿದರೆ ಯಾರಿಗೂ ಮುಖಕ್ಕೆ ಎರಚಿದ ಹಾಗೆ ಅನ್ನಿಸುವುದಿಲ್ಲ.

ಕೊಳ್ಳುವುದಾದರೆ

ಚಿತ್ರ ಸಂತೆಯಲ್ಲೋ ಗ್ಯಾಲರಿಯಲ್ಲೋ ಎರಚು ಚಿತ್ರ ಇಷ್ಟವಾಗಿ ಕೊಳ್ಳುವ ಮನಸ್ಸಾದರೆ ಇದೇ ಪರೀಕ್ಷೆ ಚಿಕ್ಕದಾಗಿ ಮಾಡಿ. ಮೊದಲು ಫೋನಿನ ಟಾರ್ಚ್ ಹಾಕಿ ಪಕ್ಕದಿಂದ ಬೆಳಕು ಬಿಡಿ. ನಿಜವಾದ ಬಣ್ಣದ ಗೆರೆಗೆ ಉಬ್ಬು ಇರುತ್ತದೆ, ನೆರಳು ಬೀಳುತ್ತದೆ. ಕ್ಯಾನ್ವಾಸ್ ಮೇಲೆ ಪ್ರಿಂಟ್ ಹೊಡೆದು ಮೇಲೆ ಜೆಲ್ ಬಳಿದದ್ದಾದರೆ ಉಬ್ಬು ಒಂದು ಕಡೆ, ಗೆರೆ ಇನ್ನೊಂದು ಕಡೆ ಇರುತ್ತದೆ. ಯಾವ ಪೇಂಟ್, ಯಾವ ಬಟ್ಟೆ ಅಂತ ಕೇಳಿ. ಹೇಳಲು ತಡಬಡಿಸುವವರು ಬಹುಶಃ ತಾವೇ ಮಾಡಿದ್ದಲ್ಲ.

ಆಮೇಲೆ ಅದೇ ಕಲಾವಿದರ ಇನ್ನೂ ನಾಲ್ಕೈದು ಚಿತ್ರ ತೋರಿಸಿ ಅನ್ನಿ. ಎಲ್ಲವೂ ಬಣ್ಣ ಬದಲಾದ ಒಂದೇ ಚಿತ್ರ ಆಗಿದ್ದರೆ ಅದು ಕರ್ಟನ್ ಬಟ್ಟೆಯ ಡಿಸೈನ್, ಆ ರೇಟಿಗೆ ಸಿಕ್ಕರೆ ತಗೊಳ್ಳಿ. ಕೆಟ್ಟದ್ದು ಅಂತ ಎತ್ತಿಟ್ಟದ್ದು ಏನಾದರೂ ಇದೆಯಾ, ಯಾಕೆ ಎತ್ತಿಟ್ಟಿರಿ ಅಂತಲೂ ಕೇಳಿ. ಈ ಪ್ರಶ್ನೆಗೆ ಒಳ್ಳೆಯ ಕಲಾವಿದರ ಮುಖ ಅರಳುತ್ತದೆ, ಅರ್ಧ ಗಂಟೆ ಮಾತಾಡುತ್ತಾರೆ. ನಾನು ಬಿಡಿಸಿದ್ದೆಲ್ಲ ಚೆನ್ನಾಗೇ ಬರುತ್ತೆ ಅನ್ನುವವರ ಹತ್ತಿರ ಚೌಕಾಸಿ ಮಾಡಿ.